ಕಲ್ಯಾಣದುರ್ಗದ ಬಯಲಿಗೆ ಹೋದ ಉಡುಸಲಮ್ಮ

ಲೇಪಾಕ್ಷಿಯಿಂದ ಹಿಂದೂಪುರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಒಂದು ಸೀಟು ಉಡುಸಲಮ್ಮನದೇ ಎಂದು ಎಲ್ಲರೂ ಒಪ್ಪಿಕೊಂಡುಬಿಟ್ಟಿದ್ದರು. ಹಿಂದೂಪುರದ ಹುಣಸೆಹಣ್ಣಿನ ಮಂಡಿಯಲ್ಲಿ ಬೀಜ ಬಿಡಿಸುವುದು ಅವಳ ಕೆಲಸ. ಹೊರಗೆ ನೋಡುತ್ತ ನೋಡುತ್ತ ಇಳಿಯುವ ಜಾಗ ಮರೆತು ಬಸ್‌ಸ್ಟ್ಯಾಂಡಿನವರೆಗೂ ಹೋಗಿ, ಅಲ್ಲಿಂದ ನಡೆದು ವಾಪಸು ಬಂದದ್ದು ಎಷ್ಟೋ ಸಲ. ಮಂಡಿಯಲ್ಲೂ ಅಷ್ಟೆ. ಕೈ ತನ್ನ ಪಾಡಿಗೆ ಆಡುತ್ತಿದ್ದರೆ ಕಣ್ಣು ಬಾಗಿಲಾಚೆ ಎಲ್ಲೋ ಇರುತ್ತಿತ್ತು. “ಉಡುಸಲಕ್ಕ ಊರಿಗೆ ಹೋಗ್ಬುಟ್ಟವಳೆ, ಬರ್ಲಿ ಇರು,” ಎಂದು ಪಕ್ಕದವರು ನಗುತ್ತಿದ್ದರು. ಅವಳ ಊರು ಕಲ್ಯಾಣದುರ್ಗದ ಕಡೆಯ ಒಂದು ಕುರಿಹಟ್ಟಿ. ಅಪ್ಪ ಅವ್ವ ತೀರಿಕೊಂಡ ಮೇಲೆ ಅವಳು ಆ ಕಡೆ ಕಾಲಿಟ್ಟಿರಲಿಲ್ಲ.

ಬಯಲ ಬಳಗದವರು ಅವಳಿಗೆ ಸಿಕ್ಕಿದ್ದು ಲೇಪಾಕ್ಷಿಯ ಹತ್ತಿರದ ಕೆರೆಯೊಂದರ ಬಳಿ. ಹಿಂದೂಪುರದ ಒಂದಷ್ಟು ಅಂಗಡಿಯವರು, ಮೇಷ್ಟ್ರುಗಳು, ಹೆಂಗಸರು ಸೇರಿ ಕಟ್ಟಿಕೊಂಡ ಸಂಘ ಅದು. ರಜಾ ದಿನ ಶಾಲೆಯ ಮಕ್ಕಳನ್ನು ಕೆರೆಗೋ ಗುಡ್ಡಕ್ಕೋ ಕರೆದೊಯ್ದು ಹಕ್ಕಿ, ಹುಳ, ಗಿಡ ತೋರಿಸುತ್ತಿದ್ದರು. ವ್ಯಾನು ಹುಣಸೆ ವ್ಯಾಪಾರಿ ಹಾಲೇಶನದು. ಮುಂದೆ ನಿಂತು ನಡೆಸುತ್ತಿದ್ದವರು ನಿವೃತ್ತರಾಗಿದ್ದ ಶಿವಲೀಲಾ ಟೀಚರ್. ಆ ಭಾನುವಾರ ಅಡುಗೆಯವನು ಕೈಕೊಟ್ಟಿದ್ದ. ಬಟ್ಟೆ ಒಗೆಯಲು ಬಂದಿದ್ದ ಉಡುಸಲಮ್ಮ ಮಕ್ಕಳ ಬಾಡಿದ ಮುಖ ನೋಡಿ, ಬಕೆಟ್ಟು ಅಲ್ಲೇ ಬಿಟ್ಟು, ಕಲ್ಲು ಹೂಡಿ ಒಲೆ ಹಚ್ಚಿ ಚಿತ್ರಾನ್ನ ಮಾಡಿಕೊಟ್ಟಳು. ಎಲ್ಲರೂ ಉಂಡ ಮೇಲೆ ತಾನೂ ಮಕ್ಕಳ ಜೊತೆ ಕೆರೆ ಏರಿಯ ಮೇಲೆ ಕೂತು ನೀರು ನೋಡಿದಳು. ಯಾಕೆ ಸುಮ್ಮನೆ ಕೂತೆ ಎಂದು ಯಾರೂ ಕೇಳಲಿಲ್ಲ. ನೋಡುತ್ತ ಕೂರುವುದನ್ನೇ ಕೆಲಸ ಎಂದುಕೊಂಡವರೂ ಇದ್ದಾರೆಂಬುದು ಅವಳಿಗೆ ಬಹಳ ಹಿಡಿಸಿತು. ಅಂದಿನಿಂದ ಬಳಗದ ಅಡುಗೆ ಅವಳದಾಯಿತು.

ಸಂಕ್ರಾಂತಿ ಕಳೆದ ಮೇಲೆ ಬಳಗ ಮಕ್ಕಳನ್ನು ಕಲ್ಯಾಣದುರ್ಗದ ಹುಲ್ಲುಬಯಲಿಗೆ ಕರೆದೊಯ್ದಿತು. ಒಂದು ಹಳ್ಳಿಯ ಶಾಲೆಯಲ್ಲಿ ತಂಗಿದರು. ಬೆಳಕು ಹರಿಯುವ ಹೊತ್ತಿಗೆ ಉಡುಸಲಮ್ಮ ಸೌದೆ ತರಲು ಹೊರಟಾಗ ಎಂಟನೇ ಕ್ಲಾಸಿನ ಸುಷ್ಮಾ ಜೊತೆಗೆ ಬಂದಳು. ಬಯಲು ತುಂಬ ತೆಳುವಾದ ಮಂಜು. ದೂರದ ಗಾಳಿಯಂತ್ರಗಳ ಕಂಬ ಕಾಣದೆ ರೆಕ್ಕೆಗಳಷ್ಟೇ ಆಕಾಶದಲ್ಲಿ ತೇಲುತ್ತ ತಿರುಗುತ್ತಿದ್ದವು. ಒಣಹುಲ್ಲಿನ ಬಣ್ಣವೂ ಬೆಳಕಿನ ಬಣ್ಣವೂ ಒಂದೇ ಆಗಿತ್ತು. ನಡೆಯುತ್ತಿದ್ದರೂ ಉಡುಸಲಮ್ಮನಿಗೆ ಕಾಲು ನೆಲಕ್ಕೆ ತಾಗಿದಂತೆ ಅನ್ನಿಸಲಿಲ್ಲ.

ಆಗ ಹುಲ್ಲಿನ ಒಂದು ತುಂಡು ಎದ್ದು ನಿಂತಿತು. ತೋಳ. ಅದರ ಕಾಲ ಬುಡದಲ್ಲಿ, ಮಣ್ಣಿನ ಬಿಲದ ಬಾಯಲ್ಲಿ, ಮರಿಗಳು ಒಂದರ ಮೇಲೊಂದು ಉರುಳುತ್ತಿದ್ದವು. ಸುಷ್ಮಾ ಅವಳ ಸೆರಗು ಹಿಡಿದಳು. ತೋಳ ಇಬ್ಬರನ್ನೂ ನೋಡಿತು, ಅವಸರವೇನೂ ಇಲ್ಲದೆ, ದಾರಿಯಲ್ಲಿ ಸಿಕ್ಕ ಪರಿಚಯದವರನ್ನು ನೋಡುವಂತೆ. ಆಮೇಲೆ ಮಂಜಿನೊಳಗೆ ನಡೆದುಹೋಯಿತು. ಮರಿಗಳು ಬಿಲಕ್ಕೆ ಇಳಿದವು.

“ಕನಸಲ್ಲ ಅಲ್ವಾ ಅತ್ತೆ?” ಎಂದಳು ಸುಷ್ಮಾ.

“ಇಬ್ರಿಗೂ ಒಂದೇ ಕನಸು ಬೀಳ್ತದಾ ಮಗಾ?”

ವಾಪಸು ಹೊರಡುವಷ್ಟರಲ್ಲಿ ಎದುರಿಗೆ ಕಂಬಳಿ ಹೊದ್ದ ಮುದುಕನೊಬ್ಬ ಬಂದ. ಕಂಕುಳಲ್ಲಿ ಒಣ ಪುಳ್ಳೆ, ಕೈಯಲ್ಲಿ ಮೆಣಸಿನಕಾಯಿಯ ಗಂಟು. ಕುರಿ ಕಾಯುವ ಬೈರಣ್ಣ. ಹೋದ ವಾರ ಅವನ ಕುರಿಮರಿಗಳನ್ನು ತೋಳ ಎತ್ತಿಕೊಂಡು ಹೋಗಿತ್ತು. ಬಿಲಕ್ಕೆ ಮೆಣಸಿನಕಾಯಿ ಹೊಗೆ ಹಾಕಿ ಅದರ ಮರಿಗಳನ್ನು ಸಾಯಿಸಲು ಬಂದಿದ್ದ.

“ಎವುರಮ್ಮಾ ಮೀರು?” ಯಾರು ನೀವು ಎಂದು ತೆಲುಗಿನಲ್ಲಿ ಕೇಳಿದ.

“ಹಿಂದೂಪುರದಿಂದ ಬಂದಿದೀವಿ ಕಣಣ್ಣ. ನಾನ್ ಮಾತ್ರ ಈ ಕಡೆಯೋಳೆ. ಹಟ್ಟಿ ಲಿಂಗಣ್ಣನ ಮಗಳು.”

ಬೈರಣ್ಣ ಅವಳ ಮುಖವನ್ನೇ ನೋಡಿದ. “ಲಿಂಗಣ್ಣನ ಮಗಳಾ? ನಿಮ್ಮಪ್ಪ ನಾನೂ ಒಟ್ಟಿಗೆ ಮಂದೆ ಹೊಡ್ಕೊಂಡು ಹೋಯ್ತಿದ್ವಿ ಕಣಮ್ಮ.”

ಅಷ್ಟರಲ್ಲಿ ಶಿವಲೀಲಾ ಟೀಚರೂ ಉಳಿದ ಮಕ್ಕಳೂ ಬಂದರು. ವಿಷಯ ತಿಳಿದು ಟೀಚರ್, ತೋಳ ಕೊಲ್ಲುವುದು ಅಪರಾಧವೆಂದು ಕಾನೂನಿನ ಮಾತು ಎತ್ತಿದರು.

“ಕಾನೂನು ಬಂದು ನನ್ ಕುರಿ ಕಾಯ್ತದಾ ಟೀಚರಮ್ಮ?” ಎಂದ ಬೈರಣ್ಣ. ಅವನ ದನಿ ಜೋರಾಗಿರಲಿಲ್ಲ, ಸೋತಿತ್ತು.

ಉಡುಸಲಮ್ಮನಿಗೆ ವಾದ ಮಾಡಲು ಬರುತ್ತಿರಲಿಲ್ಲ. “ಬಾಣ್ಣ, ಮೊದ್ಲು ಒಂದ್ ತುತ್ತು ಉಣ್ಣು,” ಎಂದಳು.

ಶಾಲೆಯ ಜಗಲಿಯ ಮೇಲೆ ಬೈರಣ್ಣ ಉಪ್ಪಿಟ್ಟು ತಿಂದ. ಮಕ್ಕಳು ಸುತ್ತ ಕೂತು ಕೇಳುತ್ತ ಹೋದರು, ಅವನು ಹೇಳುತ್ತ ಹೋದ. ಸತ್ತ ಕುರಿಮರಿಗಳಲ್ಲಿ ಒಂದಕ್ಕೆ ಹಣೆಯಲ್ಲಿ ಬಿಳಿ ಮಚ್ಚೆಯಿತ್ತಂತೆ, ಅವನ ದನಿ ಕೇಳಿದರೆ ಓಡಿಬರುತ್ತಿತ್ತಂತೆ. ಸುಷ್ಮಾ ಅತ್ತುಬಿಟ್ಟಳು. ಬೆಳಗ್ಗೆ ತೋಳದ ಮರಿಗಳನ್ನು ಕಂಡು ಹಿಗ್ಗಿದ್ದವಳೂ ಅವಳೇ.

“ಅಣ್ಣಾ,” ಎಂದಳು ಉಡುಸಲಮ್ಮ, “ತೋಳದ ಮರಿ ಕಣ್ ಬಿಟ್ಟವೆ. ಈ ಅಮಾಸೆ ಕಳೆಯೋದ್ರಾಗೆ ಅದರವ್ವ ಬ್ಯಾರೆ ಕಡೆ ಸಾಗಿಸ್ತದೆ. ಅಲ್ಲೀಗಂಟ ಕುರಿ ರೊಪ್ಪಾನ ನಾವೇ ಊರ ಪಕ್ಕಕ್ಕೆ ಎತ್ತಾಕಣ. ಇಷ್ಟ್ ಜನ ಇದೀವಿ.”

ಬೈರಣ್ಣ ತಟ್ಟೆ ಕೆಳಗಿಟ್ಟ. ಎದ್ದು ಕುರಿದೊಡ್ಡಿಯ ಕಡೆ ನಡೆದ. ಎಲ್ಲರೂ ಹಿಂದೆ ಹೋದರು. ಜಾಲಿಮುಳ್ಳಿನ ಬೇಲಿಯನ್ನು ಕಂತೆ ಕಂತೆಯಾಗಿ ಎಳೆದು ಊರಂಚಿಗೆ ತಂದರು. ಹಾಲೇಶನ ಬಿಳಿ ಶರ್ಟು ಹರಿಯಿತು. ಟೀಚರ ಕೈಗೆ ಮುಳ್ಳು ಚುಚ್ಚಿತು. ಸಂಜೆಯ ಹೊತ್ತಿಗೆ ರೊಪ್ಪ ಎದ್ದಿತು, ಕುರಿಗಳು ಒಳಗೆ ಸೇರಿದವು. ಬೈರಣ್ಣ ಮೆಣಸಿನಕಾಯಿಯ ಗಂಟನ್ನು ಉಡುಸಲಮ್ಮನ ಕೈಗೆ ಕೊಟ್ಟು, “ಸಾರಿಗೆ ಹಾಕಮ್ಮ,” ಎಂದ.

ಅಮಾವಾಸ್ಯೆ ಕಳೆದ ಮೇಲೆ ಅವನು ಟೀಚರಿಗೆ ಫೋನ್ ಮಾಡಿದ. ಬಿಲ ಬರಿದಾಗಿತ್ತು. ಮರಿಗಳ ಹೆಜ್ಜೆ ತಾಯಿಯ ಹೆಜ್ಜೆಯ ಜೊತೆ ಹಳ್ಳದ ಕಡೆ ಹೋಗಿದ್ದವು. ರೊಪ್ಪದಿಂದ ಒಂದು ಕುರಿಮರಿಯೂ ಕಾಣೆಯಾಗಿರಲಿಲ್ಲ. ಇದನ್ನು ಮಂಡಿಗೆ ಬಂದು ಹೇಳಿದ್ದು ಹಾಲೇಶ. ಉಡುಸಲಮ್ಮ ಬೀಜ ಬಿಡಿಸುತ್ತಲೇ ಕೇಳಿದಳು. ಆಮೇಲೆ ಅವಳ ಕಣ್ಣು ಮತ್ತೆ ಬಾಗಿಲಾಚೆ ಹೋಯಿತು.

ಮರುವರ್ಷ ಬಳಗ ಹೋದಾಗ ಬಯಲು ತೋರಿಸಿದವನು ಬೈರಣ್ಣನೇ. ಅಲ್ಲಿನ ಶಾಲೆಯ ಮಕ್ಕಳೂ ಸೇರಿಕೊಂಡಿದ್ದರು. ಈ ಸಲ ತೋಳ ಕಾಣಲಿಲ್ಲ. ಮಧ್ಯಾಹ್ನ ಅನ್ನಕ್ಕೆ ಇಟ್ಟು, ಉಡುಸಲಮ್ಮ ಹುಲ್ಲಿನ ಮೇಲೆ ಒರಗಿದಳು. ಮೋಡದ ನೆರಳು ಬಯಲನ್ನು ದಾಟಿ ಬಂದು ಅವಳ ಮೇಲೆ ಹಾದು ಮುಂದಕ್ಕೆ ಹೋಯಿತು. ಅದರ ಹಿಂದೆಯೇ ಅವಳಿಗೆ ನಿದ್ದೆ ಹತ್ತಿತು. ಮಕ್ಕಳು ಬಂದವರು ಅವಳ ಮುಖ ನೋಡಿ, ಎಬ್ಬಿಸಲು ಮನಸ್ಸಾಗದೆ ಪಕ್ಕದಲ್ಲೇ ಕೂತರು. ಅನ್ನದ ತಳ ಸೀದುಹೋಯಿತು. ಎಲ್ಲರೂ ಅದನ್ನೇ ಉಂಡರು.