ಸಿಡುಕಪ್ಪನ ಮೆದು ಮಾತು

ತುರ್ತು ಚಿಕಿತ್ಸಾ ವಿಭಾಗದ ಪಕ್ಕದ ಸ್ಕ್ಯಾನ್ ಕೋಣೆಯಲ್ಲಿ ಇಪ್ಪತ್ತಾರು ವರ್ಷದಿಂದ ಯಂತ್ರ ನಡೆಸುತ್ತಿದ್ದ ಟೆಕ್ನಿಷಿಯನ್‌ಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ಸಿಡುಕಪ್ಪ. ಕೋಪ ಅವನಿಗೆ ಮೂಗಿನ ತುದಿಯಲ್ಲೇ. ಕೈಕಾಲು ಮುರಿದುಕೊಂಡು ಬಂದವರಿಗೂ ವಿನಾಯಿತಿ ಇರಲಿಲ್ಲ. "ಅಲ್ಲಾಡಬೇಡಿ ಅಂದ್ರೆ ಅರ್ಥ ಆಗಲ್ವಾ? ಉಸಿರು ಹಿಡೀರಿ ಅಂದ್ರೆ ಊರ ಸುದ್ದಿ ಹೇಳ್ತೀರಲ್ಲ!"

ದೂರು ಹೋಗದೆ ಇರುತ್ತದೆಯೇ? ಹೋದವು, ಕಂತೆ ಕಂತೆ. ಆದರೆ ನರ್ಸುಗಳು ಬಹಳ ಹಿಂದೆಯೇ ಒಂದು ಗುಟ್ಟು ಕಂಡುಕೊಂಡಿದ್ದರು. ಚಿತ್ರದಲ್ಲಿ ಕಂಡದ್ದನ್ನು ಟೆಕ್ನಿಷಿಯನ್ ಹೇಳುವಂತಿಲ್ಲ, ಅದು ಡಾಕ್ಟರ ಬಾಯಿಂದಲೇ ಬರಬೇಕು. ಈ ನಿಯಮವನ್ನು ಸಿಡುಕಪ್ಪ ಒಂದು ದಿನವೂ ಮುರಿದವನಲ್ಲ. ಚಿತ್ರ ಚೆನ್ನಾಗಿದ್ದರೆ "ಏಳ್ರೀ, ಇದೇನು ನಿಮ್ಮನೆ ಮಂಚಾನಾ?" ಎಂದು ಗದರುತ್ತಿದ್ದ, ಅಷ್ಟೆ. ಕೆಟ್ಟದ್ದೇನಾದರೂ ಕಂಡರೆ ಮಾತ್ರ ಬೆಣ್ಣೆಯಂಥ ದನಿಯಲ್ಲಿ "ನಿಧಾನ, ಅವಸರ ಏನಿಲ್ಲ" ಎನ್ನುತ್ತಿದ್ದ. ಅವನು ಮೆತ್ತಗಾದನೆಂದರೆ ನರ್ಸುಗಳು ವರದಿಗೆ ಕಾಯದೆ ಓಡಾಟ ಶುರುಮಾಡುತ್ತಿದ್ದರು. ಆಸ್ಪತ್ರೆಗೆಲ್ಲ ಗೊತ್ತಿದ್ದ ಈ ಸಂಗತಿ ಗೊತ್ತಿಲ್ಲದವನು ಸಿಡುಕಪ್ಪ ಒಬ್ಬನೇ.

ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಅವನ ಹೆಂಡತಿಯೇ ಬಂದಳು, ತಾನೇ ನಡೆದುಕೊಂಡು. ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಲು ಹೋಗಿ ಸ್ಟೂಲಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡಿದ್ದಳು. ಜತೆಗಿದ್ದ ಪಕ್ಕದ ಮನೆಯಾಕೆ "ದಾರೀಲಿ ಎರಡು ಸಲ ವಾಂತಿ ಆಯ್ತು" ಎಂದದ್ದಕ್ಕೆ ಡಾಕ್ಟರಮ್ಮ ತಲೆಯ ಸ್ಕ್ಯಾನ್ ಬರೆದರು. ಇವಳಿಗೋ ಹೊಲಿಗೆ ಯಂತ್ರದಲ್ಲಿ ಅರ್ಧಕ್ಕೆ ಬಿಟ್ಟು ಬಂದ ಬಟ್ಟೆಯ ಚಿಂತೆ.

"ಈ ವಯಸ್ಸಲ್ಲಿ ಸ್ಟೂಲ್ ಹತ್ತು ಅಂತ ಯಾರು ಹೇಳಿದ್ರು? ನಾನು ಸತ್ತಿದ್ನಾ?"

"ನೀವು ಮನೇಲಿ ಇದ್ದದ್ದಾದ್ರೂ ಯಾವಾಗ?" ಎನ್ನುತ್ತ ಅವಳು ಯಂತ್ರದ ಹಲಗೆಯ ಮೇಲೆ ಮಲಗಿದಳು.

ಗಾಜಿನ ಈಚೆ ಕುಳಿತು ಅವನು ಗುಂಡಿ ಒತ್ತಿದ. ಮುಂದಿನ ಬೈಗುಳ ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು. ತಲೆಯ ಚಿತ್ರಗಳು ಒಂದೊಂದಾಗಿ ಪರದೆಗೆ ಬಂದವು. ಎಂಟನೆಯದರಲ್ಲಿ, ಬುರುಡೆಯ ಒಳಮೈಗೆ ಅಂಟಿಕೊಂಡು, ಒಂದು ಬಿಳಿ ಮಚ್ಚೆ. ಮುಂದಿನದರಲ್ಲಿ ಇನ್ನೂ ದೊಡ್ಡದು. ಒಳಗೆ ರಕ್ತ ಸೋರಿ ಮಿದುಳನ್ನು ಒತ್ತುತ್ತಿತ್ತು. ಇಂಥವನ್ನು ಅವನು ನೂರಾರು ನೋಡಿದ್ದ. ಮಾತಾಡುತ್ತ ಬಂದವರು ಒಂದು ಗಂಟೆ ತಡವಾದದ್ದಕ್ಕೆ ಏನಾದರೆಂಬುದನ್ನೂ ನೋಡಿದ್ದ. ಅವನಿಗೆ ಭಯವಾಯಿತು. ಡಾಕ್ಟರಮ್ಮನಿಗೆ ಫೋನ್ ಮಾಡಿ ಬೇಗ ಬನ್ನಿ ಎಂದ.

ಒಳಗೆ ಹೋಗಿ ಅವಳ ಭುಜದ ಮೇಲೆ ಕೈಯಿಟ್ಟ. "ಏಳಬೇಡ ಕಣೆ. ಹಾಗೇ ಮಲಗಿರು. ಅವಸರ ಏನಿಲ್ಲ."

ಅವಳು ಕಣ್ಣು ಬಿಟ್ಟು ಅವನನ್ನೇ ನೋಡಿದಳು. ಆಸ್ಪತ್ರೆಯ ಗುಟ್ಟನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೆ ಮೂವತ್ತು ವರ್ಷದ ಸಂಸಾರದಲ್ಲಿ ಈ ದನಿಯನ್ನು ಅವಳು ಕೇಳಿದ್ದು ಒಂದೇ ಸಲ, ಅವಳ ತಾಯಿ ತೀರಿಕೊಂಡ ದಿನ.

"ಏನಾಗಿದೆ ರೀ ನಂಗೆ?"

"ಡಾಕ್ಟರ್ ಹೇಳ್ತಾರೆ."

"ನಿಮ್ಗೆ ಕಾಣಿಸ್ಲಿಲ್ವಾ?"

ಅವನು ಹಲಗೆಯ ಮೇಲಿನ ಹೊದಿಕೆ ಸರಿಮಾಡಿದ. ಅಷ್ಟರಲ್ಲಿ ಡಾಕ್ಟರಮ್ಮ ಬಂದು ಚಿತ್ರ ನೋಡಿ ಕೂಡಲೇ ಆಪರೇಷನ್ ಆಗಬೇಕೆಂದರು; ಅವನ ದನಿ ಕೇಳಿಯೇ ಸ್ಟ್ರೆಚರ್ ತಂದಿದ್ದ ನರ್ಸುಗಳು ಅವಳನ್ನು ಎತ್ತಿ ಮಲಗಿಸಿದರು. ಆಪರೇಷನ್ ಥಿಯೇಟರ್ ಬಾಗಿಲು ಆಗಲೇ ತೆರೆದಿತ್ತು. ಅವಳು ಅವನ ತೋಳು ಹಿಡಿದುಕೊಂಡಳು.

"ರೀ, ಒಂದ್ಸಲ ಬೈದು ಕಳಿಸಿ. ಧೈರ್ಯ ಬರುತ್ತೆ."

ಅವನು ಬಾಯಿ ತೆರೆದ. ಊರಿಗೆಲ್ಲ ಹಂಚುವಷ್ಟು ಬೈಗುಳ ಇಟ್ಟುಕೊಂಡಿದ್ದವನು "ಪೆದ್ದಿ" ಎಂದ. ಅದೂ ಬೆಣ್ಣೆಯಂತೆ ಹೊರಬಂತು.

"ಹೋಗ್ಲಿ ಬಿಡಿ, ಬಂದ್ಮೇಲೆ ಬೈಯ್ಯೋರಂತೆ" ಎಂದು ಅವಳೇ ಅವನಿಗೆ ಸಮಾಧಾನ ಹೇಳಿದಳು.