ಕಾಸಿಂಬಿಯ ಪದಗಳಿದ್ದ ಹಾರ್ಡ್ ಡಿಸ್ಕ್

ಕೊಚ್ಚಿಗೆ ಬಂದ ನಾಲ್ಕನೆಯ ದಿನ ನನ್ನ ಚರ್ಮದ ಚೀಲಕ್ಕೆ ಹಸಿರು ಬೂಸ್ಟು ಹಿಡಿದಿತ್ತು. ಸಿಂದಗಿಯಲ್ಲಿ ಒಗೆದು ಹಾಕಿದ ಸೀರೆ ಚಹಾ ಕುಡಿದು ಬರುವಷ್ಟರಲ್ಲಿ ಒಣಗುತ್ತದೆ. ಇಲ್ಲಿ ಟವೆಲ್ಲು ಮೂರು ದಿನವಾದರೂ ಹಸಿ. ಗಾಬರಿಯಿಂದ ಚೀಲದೊಳಗಿದ್ದ ಹಾರ್ಡ್ ಡಿಸ್ಕ್ ತೆಗೆದು ಒರೆಸಿ, ಅಕ್ಕಿಯ ಡಬ್ಬಿಯಲ್ಲಿಟ್ಟೆ. ಆ ಅಕ್ಕಿಯೂ ಕೆಂಪಗೆ, ದಪ್ಪಗೆ. ರೊಟ್ಟಿ ತಿಂದ ಹಲ್ಲಿಗೆ ಅದರಲ್ಲಿ ಕೆಲಸವೇ ಇರಲಿಲ್ಲ.

ಡಿಸ್ಕಿನಲ್ಲಿ ನನ್ನ ಒಂಬತ್ತು ವರ್ಷಗಳಿದ್ದವು. ಸಿಂದಗಿಯಲ್ಲಿ ನನಗೊಂದು ಸಣ್ಣ ರೆಕಾರ್ಡಿಂಗ್ ಕೋಣೆಯಿತ್ತು. ಭಜನೆಯವರು ಮೊಬೈಲಿನಲ್ಲೇ ಹಾಡಿಕೊಳ್ಳತೊಡಗಿದ ಮೇಲೆ ಅದು ಮುಚ್ಚಿತು. ಆದರೆ ಅಷ್ಟೂ ವರ್ಷ ಬಿಡುವು ಸಿಕ್ಕಾಗ ಇಂಡಿ ಕಡೆಯ ಲಚ್ಯಾಣದಿಂದ ಮುದ್ದೇಬಿಹಾಳದವರೆಗೆ ಬಸ್ಸು ಹಿಡಿದು ಹೋಗಿ ಹೆಂಗಸರ ಹಾಡು ತುಂಬಿಕೊಂಡು ಬರುತ್ತಿದ್ದೆ. ಇಂಗಳೇಶ್ವರದ ಕಾಸಿಂಬಿ ಒಬ್ಬಳೇ ನಲವತ್ತು ಪದ ಹಾಡಿದ್ದಳು: ಬೀಸುವ ಪದ, ಜೋಗುಳ, ಮೊಹರಂ ಹಾಡು. ಮರುವರ್ಷ ಅವಳು ತೀರಿಕೊಂಡಳು.

ಮಗಳು ಮಾಬೂಬಿ ಎರಡು ಸಲ ಕೇಳಿದ್ದಳು, "ಅವ್ವನ ಪದ ನಮಗೂ ಒಂದ್ ಪ್ರತಿ ಮಾಡಿಕೊಡ್ರಿ, ಅಕ್ಕಾರ."

ಕೊಡುತ್ತೇನೆ ಎಂದೆ, ಕೊಡಲಿಲ್ಲ. ಯಾರಾದರೂ ಇಂಟರ್ನೆಟ್ಟಿಗೆ ಹಾಕಿಬಿಟ್ಟರೆ ನನ್ನ ಹೆಸರು ಉಳಿಯುವುದಿಲ್ಲ ಎಂಬ ಜಿಪುಣತನ. ಊರು ಬಿಡುವಾಗ ಹಳೆಯ ಕಂಪ್ಯೂಟರನ್ನೂ ಮಾರಿದೆ. ಉಳಿದದ್ದು ಆ ಒಂದೇ ಡಿಸ್ಕ್.

ಕೊಚ್ಚಿಯ ಡಬ್ಬಿಂಗ್ ಸ್ಟುಡಿಯೊ ಒಂದರಲ್ಲಿ ಕನ್ನಡದ ಧ್ವನಿ ಹೊಂದಿಸುವ ಕೆಲಸ ಸಿಕ್ಕಿತ್ತು. ಅಲ್ಲಿರುವುದೆಲ್ಲ ಮ್ಯಾಕ್ ಕಂಪ್ಯೂಟರು. ನನ್ನ ಡಿಸ್ಕನ್ನು ವಿಂಡೋಸಿನಲ್ಲಿ ಫಾರ್ಮ್ಯಾಟ್ ಮಾಡಿದ್ದು. ಮ್ಯಾಕಿಗೆ ಸಿಕ್ಕಿಸಿದರೆ ಹಾಡು ಕೇಳುತ್ತಿತ್ತು, ಹೊಸ ಫೈಲು ಸೇರಿಸಲು ಮಾತ್ರ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ಪಕ್ಕದ ಮೇಜಿನ ಬಿಜುವಿಗೆ ಕೊಟ್ಟು, ಎರಡೂ ಕಡೆ ನಡೆಯುವ ಹಾಗೆ ಮಾಡಿಕೊಡು ಎಂದು ಹರಕು ಇಂಗ್ಲಿಷಿನಲ್ಲಿ ಕೇಳಿದೆ.

"ಕೋಪ್ಪಿ ಉಂಡೋ?" ಎಂದ.

ಕಾಫಿ ಆಯಿತಾ ಎನ್ನುತ್ತಿದ್ದಾನೆ ಅಂದುಕೊಂಡೆ. ಎರಡು ವಾರದಲ್ಲಿ ನನ್ನ ಹೊಟ್ಟೆಯ ವಿಚಾರ ಕೇಳಿದ ಮೊದಲ ಮನುಷ್ಯ. ಖುಷಿಯಿಂದ ಅವನದೇ ಧಾಟಿಯಲ್ಲಿ "ಉಂಡು" ಎಂದೆ.

ಮಲಯಾಳದಲ್ಲಿ ಉಂಡೋ ಎಂದರೆ 'ಇದೆಯಾ' ಎಂದು. ಕೋಪ್ಪಿ ಎಂದರೆ ಪ್ರತಿ. ಡಿಸ್ಕಿನ ಬೇರೆ ಪ್ರತಿ ಇದೆಯಾ ಎಂದು ಅವನು ಕೇಳಿದ್ದ. ಇದೆ ಎಂದು ನಾನು ಹೇಳಿದ್ದೆ.

ಊಟ ಮುಗಿಸಿ ಬರುವಷ್ಟರಲ್ಲಿ ಅವನು ಡಿಸ್ಕನ್ನು ಪೂರ್ತಿ ಅಳಿಸಿ, ಎರಡೂ ಕಡೆ ನಡೆಯುವಂತೆ ಹೊಸದಾಗಿ ಫಾರ್ಮ್ಯಾಟ್ ಮಾಡಿ, ನನಗೆ ಅನುಕೂಲವಾಗಲಿ ಎಂದು ಎರಡು ಸಿನಿಮಾಗಳನ್ನೂ ತುಂಬಿಸಿದ್ದ. ನಾನು ಕೂತಲ್ಲೇ ಅತ್ತೆ. ಅವನ ಮುಖ ಬಿಳಿಚಿಹೋಯಿತು. ಮಾಲೀಕರು ಬಂದು "ಸಾರಮಿಲ್ಲ" ಎಂದರು. ಪರವಾಗಿಲ್ಲ ಎನ್ನಲು ಅವರ ಮಾತು ಅದು. ಕನ್ನಡದ ಕಿವಿಗೆ ಅದು ಸಾರವೇ ಇಲ್ಲ ಎಂದು ಕೇಳಿಸಿತು.

ಕಳೆದ ಫೈಲು ಹುಡುಕಿಕೊಡುವ ಅಂಗಡಿಯವನು ಹೆಸರಿಲ್ಲದ ಹನ್ನೊಂದು ತುಣುಕು ತೆಗೆದುಕೊಟ್ಟ. ಅವುಗಳಲ್ಲಿ ಕಾಸಿಂಬಿಯದು ಒಂದೇ, ಅದೂ ಹಾಡಿಗೆ ಮುಂಚಿನ ಮಾತು: "ಏ ಮಾಬೂಬಿ, ಆ ಕೋಳಿ ಓಡಸ. ಅಕ್ಕಾರ ಪದ ತುಂಬಾಕತ್ತಾರ." ಆಮೇಲೆ ಬರೀ ಗೊರಗೊರ.

ರಜೆ ಹಾಕಿ, ಮನೆಗೂ ತಿಳಿಸದೆ ನೇರ ಇಂಗಳೇಶ್ವರಕ್ಕೆ ಹೋದೆ. ಮಾಬೂಬಿ ತೊಗರಿ ಹಸನು ಮಾಡುತ್ತಿದ್ದಳು. ಮೊಬೈಲಿನಲ್ಲಿ ಆ ಮಾತು ಕೇಳಿಸಿದೆ. ಮೂರು ಸಲ ಕೇಳಿದಳು.

"ಉಳದದ್ದರಿ?"

"ಹೋದುವು, ಮಾಬೂಬಿ. ಎಲ್ಲಾ ಅಳಿಸಿ ಹೋತು. ತಪ್ಪು ನಂದ ಐತಿ."

ತೊಗರಿಯಲ್ಲಿ ಕೈಯಾಡಿಸಿದಳು. "ಅವ್ವ ಕೊನೀ ವರ್ಷ ದಿನಾ ಕರೀತಿದ್ಲ್ರಿ, ಬಾ ಪದ ಕಲಸ್ತೇನಿ ಅಂತ. ಅಕ್ಕಾರ ಡಬ್ಬ್ಯಾಗ ತುಂಬ್ಯಾರಲ್ಲ, ಯಾವಾಗರ ಕೇಳಿದ್ರಾತು ಅಂತ ನಾ ಕಲೀಲೇ ಇಲ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಆ ತುಣುಕನ್ನು ಅವಳ ಮೊಬೈಲಿಗೆ ಹಾಕಿ ಎದ್ದೆ. ನಮ್ಮ ಕಡೆ ವೈರಿಯನ್ನೂ ಚಹಾ ಕುಡಿಸದೆ ಕಳಿಸುವುದಿಲ್ಲ. ಮಾಬೂಬಿ ಮೊರದಿಂದ ತಲೆ ಎತ್ತಲಿಲ್ಲ.

ಬಸವನ ಬಾಗೇವಾಡಿಯ ನಿಲ್ದಾಣದಲ್ಲಿ ಸಿಂದಗಿಯ ಬಸ್ಸು ನಿಂತಿತ್ತು. ಅಲ್ಲಿಗೆ ಹೋದರೆ ಎಲ್ಲರೂ ಹಾಡು ಎಲ್ಲಿ ಎಂದು ಕೇಳುತ್ತಾರೆ. ಕೊಚ್ಚಿಗೆ ಹೋದರೆ ಯಾವ ಹಾಡು ಎಂದು ಕೇಳುತ್ತಾರೆ. ಎರಡನೆಯ ಪ್ರಶ್ನೆಯನ್ನಾದರೂ ತಡೆದುಕೊಳ್ಳಬಹುದು ಅನ್ನಿಸಿ, ರೈಲು ಹಿಡಿಯಲು ವಿಜಯಪುರದ ಬಸ್ಸು ಹತ್ತಿದೆ.