ಮಲ್ಲಪ್ಪ ವಸ್ತಾದರ ಸಿಟ್ಟು

ಮಲ್ಲಪ್ಪ ವಸ್ತಾದರಿಗೆ ಸೀಟಿ ಬೇಕಿರಲಿಲ್ಲ. ಅವರು ಬೈದರೆ ಮೈದಾನದಾಚೆ ಕಾರು ತೊಳೆಯುವವರೂ ಕೈ ನಿಲ್ಲಿಸಿ ನೋಡುತ್ತಿದ್ದರು. "ಲೇ, ಮದುವಿ ಊಟಕ್ಕ ಬಂದೀಯೇನಲೇ? ಕಾಲ ಹಿಡಿ, ಕಾಲ!"

ಅವರನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಯಾರ ಮೇಲೆ ಎಂದು ಹೇಳುತ್ತೇನೆ.

ಬಾಗಲಕೋಟೆ ಕಡೆಯವರು, ದೋಹಾದಲ್ಲಿ ಪೈಪ್ ವೆಲ್ಡರ್. ತೊಂಬತ್ತರ ದಶಕದಲ್ಲಿ ದೋಹಾ ಪಕ್ಕದ ಅಲ್ ವಕ್ರಾದ ಬಯಲಿನಲ್ಲಿ ಪ್ರತಿ ಶುಕ್ರವಾರ ಬೆಳಿಗ್ಗೆ ನಮ್ಮ ಕನ್ನಡಿಗರ ಕಬಡ್ಡಿ ತಂಡಕ್ಕೆ ಅವರೇ ಕೋಚ್, ಅವರ ಕಡೆಯ ಮಾತಿನಲ್ಲಿ ವಸ್ತಾದ. ಒಂಬತ್ತು ವರ್ಷ! ವಾರಕ್ಕೊಂದೇ ರಜೆ, ಅದನ್ನೂ ನಮಗೇ ಸುರಿದರು. ನಾನು ಮೈಸೂರಿನವನು, ಆಫೀಸಿನ ಎ.ಸಿ.ಯಲ್ಲಿ ಕೂರುವವನು, ನನ್ನನ್ನು ರೇಡರ್ ಮಾಡಿದ್ದು ಅವರೇ. ಅವರ ಹಟ ಒಂದೇ: ಔಟಾದವನು ತಾನೇ ಕೈ ಎತ್ತಿ ಹೊರಗೆ ಬರಬೇಕು. ಸುಮ್ಮನೆ ನಿಂತವನನ್ನು ರಟ್ಟೆ ಹಿಡಿದು ಎಳೆಯುತ್ತಿದ್ದರು. "ರೆಫರಿ ನೋಡಲಿಲ್ಲ ಖರೆ, ನಿನಗ ಗೊತ್ತಾಗಲಿಲ್ಲೇನು?"

ಕೊನೆಯ ವರ್ಷದ ಟೂರ್ನಿಯ ಫೈನಲ್‌ನಲ್ಲಿ ಅಂಕ ಸಮ ಇತ್ತು, ಕೊನೆಯ ರೇಡ್ ನನ್ನದು. ಎದುರಾಳಿಯನ್ನು ಮುಟ್ಟುವ ಮೊದಲೇ ನನ್ನ ಹಿಮ್ಮಡಿ ಪಕ್ಕದ ಗೆರೆ ದಾಟಿತು. ರೆಫರಿ ನೋಡಲಿಲ್ಲ. ಮುಟ್ಟಿ ಓಡಿ ಬಂದೆ, ಗೆದ್ದೆವೆಂದು ಕುಣಿದೆ. ವಸ್ತಾದರು ನೆಟ್ಟಗೆ ರೆಫರಿಯ ಬಳಿ ಹೋದರು. "ನಮ್ಮ ಹುಡುಗ ಔಟ್ ಅದಾನ್ರಿ." ಕಪ್ ಆಚೆಯವರ ಪಾಲಾಯಿತು.

ಮುಂದಿನ ವಾರ ಅಲ್ ಮುಂತಜಾದಲ್ಲಿ, ತಂಡ ನಡೆಸುವ ಕನ್ನಡ ಸಂಘದ ಅಧ್ಯಕ್ಷರ ಮನೆಯಲ್ಲಿ ಸಭೆ. ಅಧ್ಯಕ್ಷರು ಮಂಗಳೂರಿನವರು. ಎಲ್ಲರೆದುರು ನನ್ನನ್ನೇ ಕೇಳಿದರು: "ನೀವೇ ಹೇಳಿ ಮಾರಾಯ್ರೆ, ನಿಮ್ಮ ಕಾಲು ಗೆರೆ ದಾಟಿತ್ತಾ?"

"ಇಲ್ಲ ಸಾರ್," ಎಂದೆ. ಥೂ, ನನ್ನ ನಾಲಿಗೆ ಸೇದಿಹೋಗಬಾರದಿತ್ತೇ!

"ಹಾಗಾದ್ರೆ," ಅಧ್ಯಕ್ಷರು ವಸ್ತಾದರತ್ತ ಬೆರಳು ತೋರಿಸಿದರು, "ಈ ಜನ ಆಚೆಯವರ ಹತ್ರ ಲಂಚ ತಿಂದಿದೆ. ಖಲಾಸ್, ಬೇರೆ ಕೋಚ್ ನೋಡುವ."

ವಸ್ತಾದರ ಕೈಯಲ್ಲಿ ಪಳಗಿದ ಆಟಗಾರರೆಲ್ಲ ಸಮೋಸ ತಿನ್ನುತ್ತ ಕೂತಿದ್ದರು, ಹೇಡಿಗಳು. ವಸ್ತಾದರು ನನ್ನನ್ನೊಮ್ಮೆ ನೋಡಿ ಎದ್ದು ಹೋದರು.

ಎರಡು ತಿಂಗಳಾದ ಮೇಲೆ ಅವರು ಕೆಲಸ ಬಿಟ್ಟು ಊರಿಗೆ ಹೊರಟಿದ್ದಾರೆಂದು ತಿಳಿದು ಅವರಿದ್ದ ಲೇಬರ್ ಕ್ಯಾಂಪಿಗೆ ಓಡಿದೆ. ರಟ್ಟಿನ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. "ವಸ್ತಾದ್ರೇ, ನನ್ನ ಕಾಲು ಆಚೆ ಹೋಗಿತ್ತು. ತಪ್ಪಾಯ್ತು."

ಹಗ್ಗ ಬಿಸಾಡಿದರು. "ನನಗ್ಯಾಕ ಹೇಳ್ತೀಲೇ? ನಾ ಕಣ್ಣಾರೆ ನೋಡೀನಿ! ಲಂಚ ತಿಂದಾನ ಅಂದ್ರಲ್ಲ, ಅವರ ಮುಂದ ಹೇಳು. ನನ್ನ ವಿಮಾನ ಸಂಜಿ ಐದಕ್ಕೈತಿ. ಇನ್ನೂ ಟೈಮ್ ಐತಿ, ಹೋಗು!"

ಆಗ ಗಂಟೆ ಹನ್ನೊಂದು. ನೇರ ಅಧ್ಯಕ್ಷರ ಮನೆಗೇ ಹೋದೆ. ಅವರು "ಬನ್ನಿ ಮಾರಾಯ್ರೆ" ಎಂದು ಚಹಾ ಕೊಟ್ಟರು. ನಾನು ಬಾಯಿ ತೆರೆಯುವ ಮೊದಲೇ, ಈ ಸಲ ನಿಮ್ಮನ್ನೇ ಕ್ಯಾಪ್ಟನ್ ಮಾಡುವುದೆಂದು ತೀರ್ಮಾನವಾಗಿದೆ, ಆಗಬಹುದಲ್ಲ, ಎಂದು ಕೇಳಿದರು.

ನಾನು ಹೂಂ ಎಂದೆ.